ನೇತ್ರಾಣಿಯ ಹವಳ ಮತ್ತು ನಮ್ಮ ಬೆಟ್ಟದ ಮಣ್ಣು



ಮಣ್ಣಿನ ವಿಷಯ ಹೇಳಬೇಕಾದವನು ಕಡಲಿನ ಮಾತು ತೆಗೆದನಲ್ಲ ಎಂದು ನಿಮಗೆ ಅನ್ನಿಸಬಹುದು. ಎರಡೂ ಬೇರೆಯಲ್ಲ.

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿದೆ ನೇತ್ರಾಣಿ ದ್ವೀಪ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಪ್ರವಾಸಿಗರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿ ಸ್ಕೂಬಾ ಡೈವಿಂಗ್‌ಗೆ ಇಳಿಯುತ್ತಾರೆ. ಹವಳದ ಸಂದುಗಳಲ್ಲಿ ಗಿಳಿಮೀನು, ಚಿಟ್ಟೆಮೀನುಗಳು ಕಾಣಸಿಗುತ್ತವೆ, ಅದೃಷ್ಟವಿದ್ದರೆ ಕಡಲಾಮೆಯೂ.

ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತದೆ. ನೀರು ಮಿತಿಮೀರಿ ಕಾದರೆ ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. 1998, 2010 ಮತ್ತು 2016ರಲ್ಲಿ ಜಗತ್ತಿನ ಅನೇಕ ಕಡಲುಗಳಲ್ಲಿ ಹೀಗಾಯಿತು. ನೀರು ಕದಡಿದರೆ ಬಿಸಿಲೇ ತಲುಪದು. ಹೂಳು ಕೂತರೆ ಹವಳದ ಉಸಿರು ಕಟ್ಟುತ್ತದೆ.

ಆ ಹೂಳು ಎಲ್ಲಿಯದು? ಬೆಟ್ಟ ಬೋಳಾದ ಮೇಲೆ ಆಷಾಢದ ಹೊಳೆ ಕೆಂಪಾಗಿ ಹರಿಯುವುದನ್ನು ನೀವೇ ಕಂಡಿದ್ದೀರಿ. ನಮ್ಮ ಅಡಿಕೆಗೆ ದಕ್ಕಬೇಕಾದ ಮೇಲ್ಮಣ್ಣು ಅದು. ನೇತ್ರಾಣಿ ದಡದಿಂದ ದೂರವಿರುವುದರಿಂದ ಅಲ್ಲಿನ ನೀರು ತಿಳಿಯಾಗಿದೆ. ಆದರೆ ಆ ದೂರವನ್ನೇ ನಂಬಿ ಕೂರುವುದು ಜಾಣತನವಲ್ಲ.

2001ರಲ್ಲಿ ಹವಳಕ್ಕೆ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯಿತು. ಕಾಯಿದೆ ಹವಳ ಕೀಳುವ ಕೈಯನ್ನು ತಡೆಯಬಲ್ಲದು, ಹರಿದು ಬರುವ ಮಣ್ಣನ್ನಲ್ಲ. ಅದನ್ನು ತಡೆಯಬೇಕಾದವರು ನಾವು. ಸೊಪ್ಪಿನ ಬೆಟ್ಟದ ಹಸಿರು ಉಳಿಸೋಣ, ಇಳಿಜಾರಿನಲ್ಲಿ ಇಂಗುಗುಂಡಿ ತೆಗೆಯೋಣ. ವಿದ್ಯಾರ್ಥಿಗಳೇ, ಮುಂದೆಂದಾದರೂ ನೀವು ಆ ನೀರಿಗಿಳಿದರೆ ಹವಳದ ಮೇಲೆ ಕಾಲೂರಬೇಡಿ, ತುಂಡನ್ನೂ ತರಬೇಡಿ. ಕಂಡದ್ದನ್ನು ಊರಿಗೆ ಬಂದು ಹೇಳಿ. ಅಷ್ಟು ತಂದರೆ ಸಾಕು.