ಎಲ್ಲಿಂದ ಬಂತು ಸದ್ದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈಗ ತಾನೇ ನಿರೂಪಕರು ಎಡಗಡೆಯಿಂದ ನನ್ನ ಹೆಸರು ಕರೆದರು. ನಾನು ಬಲಗಡೆ ತಿರುಗಿ ನೋಡಿದೆ. ಮುಂದಿನ ಸಾಲಿನ ಮಕ್ಕಳು ನಕ್ಕರು. ನಗಲಿ, ಬೇಸರವಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದೂ ಅದನ್ನೇ.

ಚಿಕ್ಕವನಿದ್ದಾಗ ನನ್ನ ಎಡಗಿವಿ ಸೋರುತ್ತಿತ್ತು. ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರು. ಆಸ್ಪತ್ರೆ ದೂರ, ಬಸ್ಸು ದಿನಕ್ಕೆ ಎರಡೇ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಆ ಕಿವಿ ಪೂರ್ತಿ ಹೋಗಿತ್ತು. ಅದು ನನಗೇ ಗೊತ್ತಿರಲಿಲ್ಲ. ಒಂದು ಕಿವಿ ಕೇಳುತ್ತಿತ್ತಲ್ಲ! ಕರೆದರೆ ತಿರುಗುವುದಿಲ್ಲ, ಗಮನವಿಲ್ಲ, ಸೊಕ್ಕು ಎಂದು ಏಟು ತಿಂದದ್ದುಂಟು.

ಒಂದು ದಿನ ವಿಜ್ಞಾನದ ಮೇಷ್ಟ್ರು ನಮ್ಮನ್ನೆಲ್ಲ ಆಟದ ಮೈದಾನಕ್ಕೆ ಕರೆದುಕೊಂಡು ಹೋದರು. ಎದುರಿನ ಬಂಡೆಗುಡ್ಡ ನಿಮಗೆಲ್ಲ ಗೊತ್ತಿದೆ. ಎರಡು ಹಲಗೆಗಳನ್ನು ಫಟ್ ಎಂದು ಬಡಿದರು. ಗುಡ್ಡವೂ ಫಟ್ ಎಂದಿತು. ಬಡಿದದ್ದಕ್ಕೂ ಮರುದನಿಗೂ ನಡುವೆ ಸುಮಾರು ಎರಡು ಸೆಕೆಂಡು. “ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾದರೆ ಗುಡ್ಡ ಎಷ್ಟು ದೂರ?” ಎಂದು ಕೇಳಿದರು. ನಾನು 680 ಎಂದೆ. “ಹೋದ ಸದ್ದು ವಾಪಸ್ಸೂ ಬರಬೇಕಲ್ಲೋ! ಅರ್ಧ ಮಾಡು, 340” ಎಂದರು.

ಆಮೇಲೆ ಒಬ್ಬೊಬ್ಬರಿಗೂ ಕಣ್ಣುಮುಚ್ಚಿ ನಿಲ್ಲಲು ಹೇಳಿ, ಸುತ್ತಲೂ ನಡೆಯುತ್ತ ಚಪ್ಪಾಳೆ ತಟ್ಟಿದರು. ಸದ್ದು ಬಂದ ಕಡೆಗೆ ಬೆರಳು ತೋರಿಸಬೇಕು. ಎಲ್ಲರೂ ಸರಿಯಾಗಿ ತೋರಿಸಿದರು. ಮೇಷ್ಟ್ರು ಎಲ್ಲಿ ನಿಂತು ತಟ್ಟಿದರೂ ನಾನು ಮಾತ್ರ ಬಲಗಡೆಗೇ ತೋರಿಸಿದೆ. ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ.

ದೇವರು ನಮಗೆ ಎರಡು ಕಿವಿ ಕೊಟ್ಟಿರುವುದು ಒಂದು ಕೆಟ್ಟರೆ ಇನ್ನೊಂದಿರಲಿ ಎಂದಷ್ಟೇ ಅಲ್ಲ. ಎಡದಿಂದ ಬಂದ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ಬಲಗಿವಿಗೆ ತುಸು ತಡವಾಗಿ. ಆ ಅಂತರ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ತಲೆ ಅಡ್ಡವಿರುವುದರಿಂದ ಆಚೆ ಕಿವಿಗೆ ಸದ್ದು, ಅದರಲ್ಲೂ ಕೀರಲು ಸದ್ದು, ಸ್ವಲ್ಪ ಮೆಲ್ಲಗೆ ಕೇಳುತ್ತದೆ. ಇವೆರಡನ್ನೂ ಮಿದುಳು ತಾಳೆ ನೋಡಿ ದಿಕ್ಕು ಹೇಳುತ್ತದೆ. ಒಂದೇ ಕಿವಿಯಿದ್ದರೆ ತಾಳೆ ನೋಡಲು ಎರಡನೆಯ ಲೆಕ್ಕವೇ ಇಲ್ಲ. ಹಿಂದಿನಿಂದ ಬಂದ ಲಾರಿಗೆ ತಪ್ಪಿಸಿಕೊಳ್ಳಲು ಹೋಗಿ ಅದರ ಮುಂದೆಯೇ ಒಮ್ಮೆ ಓಡಿದ್ದೆ. ಬದುಕಿದ್ದು ಚಾಲಕನ ಜಾಣತನದಿಂದ.

ಮರುದಿನವೇ ಮೇಷ್ಟ್ರು ನನ್ನನ್ನು ಎಡಗೋಡೆಯ ಪಕ್ಕ, ಮೊದಲ ಬೆಂಚಿಗೆ ಕೂರಿಸಿದರು. ಕೇಳುವ ಕಿವಿ ತರಗತಿಯ ಕಡೆಗಾಯಿತು. ಅಪ್ಪನನ್ನು ಕರೆಸಿ, ಬಲಗಿವಿಯನ್ನಾದರೂ ಡಾಕ್ಟರಿಗೆ ತೋರಿಸಿ ಎಂದರು. ಆ ವರ್ಷ ನಾನು ಮೊದಲ ಬಾರಿಗೆ ಎಲ್ಲ ವಿಷಯಗಳಲ್ಲೂ ಪಾಸಾದೆ.

ಮುಂದೆ ಹೊಟ್ಟೆಪಾಡಿಗೆ ಮಲ್ಪೆಗೆ ಹೋದೆ. ಮೀನುಗಾರಿಕೆ ಬೋಟುಗಳ ಎಕೋ ಸೌಂಡರ್ ರಿಪೇರಿ ಮಾಡುವುದೇ ನನ್ನ ಕಸುಬಾಯಿತು. ಅದೂ ಬಂಡೆಗುಡ್ಡದ ಪಾಠವೇ. ಬೋಟಿನ ತಳದಿಂದ ಸದ್ದಿನ ಮಿಡಿತವೊಂದು ಕೆಳಗೆ ಹೋಗುತ್ತದೆ, ಸಮುದ್ರದ ತಳಕ್ಕೆ ಬಡಿದು ಮರಳುತ್ತದೆ. ನಡುವೆ ಮೀನಿನ ಹಿಂಡಿದ್ದರೆ ಅದರಿಂದಲೂ ಮರುದನಿ ಬರುತ್ತದೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಎಂಬವರು ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಮದ್ದು ಹೊತ್ತಿಸಿ ಬೆಳಕು ತೋರಿಸಿ, ದೂರದ ದೋಣಿಯಲ್ಲಿ ಕಿವಿಗೊಟ್ಟು ಅಳೆದರು. ಸೆಕೆಂಡಿಗೆ 1435 ಮೀಟರ್ ಬಂತು. ಉಪ್ಪುನೀರಿನಲ್ಲಿ ಸುಮಾರು 1500. ಮರುದನಿ 0.04 ಸೆಕೆಂಡಿಗೆ ಬಂದರೆ ಸದ್ದು ನಡೆದದ್ದು 60 ಮೀಟರ್, ಆಳ 30 ಮೀಟರ್. ಅರ್ಧ ಮಾಡುವುದನ್ನು ನಾನು ಮತ್ತೆಂದೂ ಮರೆಯಲಿಲ್ಲ!

ನಮ್ಮ ಮಾವಿನ ತೋಪಿನ ಸಣ್ಣ ಬಾವಲಿಗಳು ಕತ್ತಲಲ್ಲಿ ಹುಳು ಹಿಡಿಯುವುದೂ, ಬಸುರಿಯ ಹೊಟ್ಟೆಯೊಳಗಿನ ಮಗುವನ್ನು ಸ್ಕ್ಯಾನಿಂಗ್ ಯಂತ್ರ ತೋರಿಸುವುದೂ ಹೀಗೆಯೇ. ಅವು ಬಳಸುವ ಸದ್ದು ನಮ್ಮ ಕಿವಿಗೆ ನಿಲುಕದಷ್ಟು ಕೀರಲು, ಅಷ್ಟೇ.

ಆ ಮೇಷ್ಟ್ರು ಈಗಿಲ್ಲ. ಅವರ ಹೆಸರಿನಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಪ್ರತಿ ವರ್ಷ ಶಾಲೆ ಶುರುವಾದ ತಿಂಗಳಲ್ಲೇ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ ಕಿವಿ ತಪಾಸಣೆ ಆಗಲಿ. ಅಲ್ಲಿಯವರೆಗೆ ಶಿಕ್ಷಕರು ಕಣ್ಣುಮುಚ್ಚಿಸಿ ಚಪ್ಪಾಳೆ ತಟ್ಟಿ ನೋಡಲಿ. ಅದು ಡಾಕ್ಟರ ಪರೀಕ್ಷೆಗೆ ಸಮವಲ್ಲ, ಆದರೆ ಅನುಮಾನವನ್ನಾದರೂ ಹುಟ್ಟಿಸುತ್ತದೆ. ತಾಯಂದಿರೇ, ಸೋರುವ ಕಿವಿಗೆ ಎಣ್ಣೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ತಪಾಸಣೆಯ ಮೊದಲ ವರ್ಷದ ಖರ್ಚು ನನ್ನದು. ಮುಂದಿನದನ್ನು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೋಡಿಕೊಳ್ಳೋಣ.

ಕರೆದರೂ ತಿರುಗದ ಮಗು ನಿಮ್ಮ ತರಗತಿಯಲ್ಲಿದ್ದರೆ, ಬೈಯುವ ಮೊದಲು ಅದರ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತು ಒಮ್ಮೆ ಕರೆಯಿರಿ.