ಸುಮ್ಮನೆ ಎಳೆದ ಗೆರೆಗೂ ಒಂದು ಹೆಸರಿದೆ

(ಹುಮನಾಬಾದಿನಲ್ಲಿ ಚಿತ್ರಕಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಚಿತ್ರಕಾರನಲ್ಲ, ವರದಿಗಾರ. ಚಿತ್ರ ಬರೆಯುವವರಿಗೆ ಚಿತ್ರದ ಪಾಠ ಹೇಳುವ ಉದ್ದೇಶ ನನಗಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಚಿತ್ರಗಳ ಬಗ್ಗೆಯೂ ಅಲ್ಲ. ಕಲಾವಿದರು ದಿನದ ಕೆಲಸಕ್ಕೆ ಕೂರುವ ಮೊದಲು, ಕೈ ಸಡಿಲವಾಗಲೆಂದು ಹತ್ತು ನಿಮಿಷ ಗೀಚುವ ಚಿತ್ರಗಳಿವೆಯಲ್ಲ, ಅವುಗಳ ಬಗ್ಗೆ. ಎರಡು ಕಾಲಿನ ಎಮ್ಮೆ, ಟೋಪಿ ಹಾಕಿದ ಕಾಗೆ, ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಹೋದ ಪ್ರಯಾಣಿಕ. ಬರೆದವರು ಪಕ್ಕದವರಿಗೆ ತೋರಿಸುತ್ತಾರೆ, ಅವರು ನಗುತ್ತಾರೆ, ತಾವೂ ಒಂದನ್ನು ಬರೆದು ತೋರಿಸುತ್ತಾರೆ. ಈ ಕೊಡುಕೊಳ್ಳುವಿಕೆ ಆಟದಂತೆ ಕಾಣುತ್ತದೆ. ಆದರೆ ನಮ್ಮಂಥ ಊರುಗಳಲ್ಲಿ ಒಬ್ಬ ಕಲಾವಿದ ಉಳಿಯುತ್ತಾನೋ ಇಲ್ಲವೋ ಎಂಬುದು ಎಷ್ಟೋ ಸಲ ಈ ಆಟವನ್ನೇ ಅವಲಂಬಿಸಿರುತ್ತದೆ.

ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817-1865) ಕಾಲದಿಂದ ಸಂಗೀತಕ್ಕೆ ಮನ್ನಣೆಯಿದೆ. ಅಲ್ಲಿಗೆ ಬಂದ ಗವಾಯಿಗಳನ್ನು ಕಂಡು ಬೆಳೆದ ಈ ಊರಿನವರಿಗೆ ರಿಯಾಜ್ ಎಂದರೇನೆಂದು ಹೇಳಬೇಕಾಗಿಲ್ಲ. ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಒಂದೇ ಷಡ್ಜ ಹಿಡಿದು ಕೂತವರನ್ನು ‘ಇದರಾಗ ಏನ್ ಸಿಗ್ತದ?’ ಎಂದು ಯಾರೂ ಕೇಳುವುದಿಲ್ಲ. ತಾಲೀಮಿನಲ್ಲಿ ಬೈಠಕ್ ಹೊಡೆಯುವ ಪೈಲ್ವಾನನನ್ನೂ ಕೇಳುವುದಿಲ್ಲ. ಆದರೆ ಹುಡುಗನೊಬ್ಬ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಕುದುರೆಯ ತಲೆ ಗೀಚಿದರೆ ಸಾಕು, ಆ ಪ್ರಶ್ನೆ ಬಂದೇ ಬರುತ್ತದೆ. ಹಾಳೆ ದಂಡ, ಹೊತ್ತು ದಂಡ ಎನ್ನುತ್ತೇವೆ. ಡ್ರಾಯಿಂಗ್ ಪರೀಕ್ಷೆಗೆ ಬರೆದರೆ ಮಾತ್ರ ಅದು ಕಲಿಕೆ. ಹಾಗೇ ಬರೆದರೆ ಚೇಷ್ಟೆ. ಕಂಠಕ್ಕೂ ತೋಳಿಗೂ ಕೊಟ್ಟ ಸವಲತ್ತನ್ನು ಬೆರಳಿಗೆ ಕೊಡಲು ನಮಗೇಕೆ ಮನಸ್ಸಿಲ್ಲ?

ವಿಚಿತ್ರವೆಂದರೆ, ಆ ಸವಲತ್ತನ್ನು ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆಯೇ ಕೊಟ್ಟವರು ನಮ್ಮ ಕಲ್ಯಾಣದವರು. ಇಂದಿನ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1126ರಲ್ಲಿ ಪಟ್ಟಕ್ಕೆ ಬಂದ. ಅವನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಒಂದು ವಿಶ್ವಕೋಶವೇ ಸರಿ. ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯಗಳು. ರಾಜನೀತಿ, ಆನೆ ಕುದುರೆ, ಅಡುಗೆ, ಸಂಗೀತ, ಆಟಪಾಟ ಎಲ್ಲವೂ ಅದರಲ್ಲಿವೆ. ಮೂರನೆಯ ಭಾಗದಲ್ಲಿ ಮನೆಯ ವಿಚಾರ ಹೇಳುವಾಗ ಗೋಡೆಯ ಮೇಲೆ ಬರೆಯುವ ಚಿತ್ರಗಳ ವಿಚಾರವೂ ಬರುತ್ತದೆ.

ಅಲ್ಲಿ ಚಿತ್ರಗಳನ್ನು ಬಗೆಬಗೆಯಾಗಿ ವಿಂಗಡಿಸಲಾಗಿದೆ. ಕನ್ನಡಿಯ ಪ್ರತಿಬಿಂಬದಂತೆ ಯಥಾವತ್ತಾಗಿ ಬರೆದದ್ದು ‘ವಿದ್ಧ’. ನೋಡಿದೊಡನೆ ಶೃಂಗಾರ ಮೊದಲಾದ ರಸಗಳನ್ನು ಹುಟ್ಟಿಸುವುದು ‘ಭಾವಚಿತ್ರ’. ದ್ರವರೂಪದ ಬಣ್ಣದಿಂದ ಬರೆದದ್ದು ‘ರಸಚಿತ್ರ’, ಪುಡಿಬಣ್ಣದಿಂದ ಬರೆದದ್ದು ‘ಧೂಳಿಚಿತ್ರ’. ಇವುಗಳ ಸಾಲಿನಲ್ಲಿಯೇ ‘ಅವಿದ್ಧ’ ಎಂಬ ಇನ್ನೊಂದು ಬಗೆಯಿದೆ. ಬರೆಯಬೇಕೆಂದು ತಟ್ಟನೆ ಅನ್ನಿಸಿ ಬರೆದ, ಬರಿಯ ಆಕಾರವಷ್ಟೇ ಮೂಡಿದ ಚಿತ್ರ ಅದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸ್ಕೆಚ್. ಗಮನಿಸಬೇಕಾದ ಸಂಗತಿ ಇದು: ಸೋಮೇಶ್ವರ ಅದನ್ನು ಅರೆಬರೆ ಚಿತ್ರವೆಂದು ತಳ್ಳಿಹಾಕಲಿಲ್ಲ. ಅದಕ್ಕೂ ಒಂದು ಹೆಸರಿಟ್ಟು, ಉಳಿದವುಗಳ ಪಂಕ್ತಿಯಲ್ಲಿಯೇ ಕೂರಿಸಿದ.

ಹಾಗೆಂದು ಅವನು ಕಷ್ಟದ ಕೆಲಸವನ್ನು ಕಡೆಗಣಿಸಿದವನಲ್ಲ. ಗೋಡೆಯನ್ನು ನುಣುಪು ಮಾಡುವ ಕ್ರಮ, ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯ ಹದ ಬರುವತನಕ ಕುದಿಸಿ ‘ವಜ್ರಲೇಪ’ ಎಂಬ ಅಂಟು ತಯಾರಿಸುವ ಬಗೆ, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವ ರೀತಿ, ಇವೆಲ್ಲವೂ ಅಲ್ಲಿ ವಿವರವಾಗಿವೆ. ನನಗೆ ತುಂಬ ಹಿಡಿಸಿದ್ದು ಗೆರೆ ಎಳೆಯುವ ಕಡ್ಡಿಯ ವಿವರ. ದೀಪದ ಕಾಡಿಗೆಯನ್ನು ಅನ್ನದ ಅಗುಳಿನೊಂದಿಗೆ ಅರೆದು ಬತ್ತಿಯಂತೆ ಹೊಸೆದರೆ ‘ವರ್ತಿಕೆ’ ಸಿದ್ಧ. ಕಾಡಿಗೆ ಮತ್ತು ಅನ್ನ: ಇವಿಲ್ಲದ ಮನೆ ಯಾವುದು? ಸಾಮಾನು ದುಬಾರಿ, ಆದ್ದರಿಂದ ಬರೆಯುತ್ತಿಲ್ಲ ಎನ್ನುವವರಿಗೆ ಕಲ್ಯಾಣದ ಅರಮನೆಯಿಂದಲೇ ಬಂದ ಉತ್ತರ ಇದು.

ಆ ಐದು ಬಗೆಗಳಲ್ಲಿ ಧೂಳಿಚಿತ್ರವಂತೂ ನಮ್ಮ ಬಾಗಿಲಲ್ಲೇ ಉಳಿದಿದೆ. ಅದೇ ರಂಗೋಲಿ. ಬಸವಕಲ್ಯಾಣದ ಓಣಿಗಳಲ್ಲಿ ಬೆಳಿಗ್ಗೆ ನಡೆದು ನೋಡಿ. ಅಂಗಳಕ್ಕೆ ನೀರು ಚಿಮುಕಿಸಿ, ಚುಕ್ಕಿ ಇಟ್ಟು, ಎರಡು ಬೆರಳ ನಡುವಿನಿಂದ ಪುಡಿ ಬಿಡುವ ತಾಯಂದಿರು ಯಾವ ಪರೀಕ್ಷೆಗೂ ಬರೆಯುತ್ತಿಲ್ಲ. ಮಧ್ಯಾಹ್ನದೊಳಗೆ ಸೈಕಲ್ಲು, ಮೇಕೆ, ಮಕ್ಕಳ ಕಾಲು ಅದನ್ನು ಅಳಿಸುತ್ತವೆ. ನಾಳೆ ಮತ್ತೊಂದು. ಅಳಿಸಿಹೋಗುತ್ತದೆಂದು ಗೊತ್ತಿರುವುದರಿಂದಲೇ ಕೈಗೆ ಅಂಜಿಕೆಯಿಲ್ಲ. ಜೊತೆಗೆ ಅವರಲ್ಲಿ ಇನ್ನೊಂದು ರೂಢಿಯುಂಟು. ಹೊಸ ಚುಕ್ಕಿ ರಂಗೋಲಿ ಕಂಡರೆ ‘ಭಾಳ ಛಲೋ ಅದ, ಎಷ್ಟು ಚುಕ್ಕಿ?’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ರಂಗೋಲಿಯ ನೋಟುಬುಕ್ಕು ಮನೆಯಿಂದ ಮನೆಗೆ, ತವರಿನಿಂದ ಗಂಡನ ಮನೆಗೆ ಹೋಗುತ್ತದೆ. ದಿನವೂ ಬರೆಯುವುದು, ಅಳಿಸಿದರೆ ಬೇಸರಿಸದಿರುವುದು, ಒಬ್ಬರದನ್ನು ಇನ್ನೊಬ್ಬರು ಪಡೆದು ತಮ್ಮದೊಂದು ಎಸಳು ಸೇರಿಸುವುದು. ಕಲಾಶಾಲೆಯ ಮೆಟ್ಟಿಲು ಹತ್ತದವರು ಈ ಮೂರನ್ನೂ ನಡೆಸಿಕೊಂಡು ಬಂದಿದ್ದಾರೆ.

ಇದೇ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯನ್ನು ನೆನೆಯೋಣ. ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತಿದ್ದಾಳೆ. ಮೈಯ ಬಾಗು, ಎತ್ತಿದ ಕೈ ಎಷ್ಟು ಸಲೀಸಾಗಿವೆ ಎಂದರೆ ಅದು ಕಲ್ಲೆಂಬುದೇ ಮರೆಯುತ್ತದೆ. ಕಲ್ಲಿನಲ್ಲಿ ತಪ್ಪಿದರೆ ಅಳಿಸಲು ರಬ್ಬರಿಲ್ಲ. ಆ ಸಲೀಸು ಬಂದದ್ದು ಗುಡಿಯ ಗೋಡೆಯ ಮೇಲಲ್ಲ, ಅದಕ್ಕೂ ಮೊದಲು ಬೇರೆಲ್ಲೋ ಎಳೆದು ಅಳಿಸಿದ ಲೆಕ್ಕವಿಲ್ಲದ ಗೆರೆಗಳಲ್ಲಿ ಎಂದು ಊಹಿಸುವುದು ಕಷ್ಟವಲ್ಲ.

ಇನ್ನು ಹಂಚಿಕೊಳ್ಳುವ ಮಾತು. ಶಾಂತಿನಿಕೇತನದ ಕಲಾಭವನವನ್ನು ಕಟ್ಟಿ ಬೆಳೆಸಿದ ನಂದಲಾಲ್ ಬೋಸ್ (1882-1966) ಅವರಿಗೆ ಪೋಸ್ಟ್ ಕಾರ್ಡಿನ ಮೇಲೆ ಚಿತ್ರ ಬರೆಯುವ ಅಭ್ಯಾಸವಿತ್ತು. ಕಂಡ ಹಕ್ಕಿ, ಮರ, ದಾರಿಹೋಕರನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿದು ಶಿಷ್ಯರಿಗೆ, ಗೆಳೆಯರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಗುರು ಕಳುಹಿಸಿದ್ದು ಉಪದೇಶವನ್ನಲ್ಲ, ಒಂದು ಆಡುವನ್ನೋ ಗುಬ್ಬಿಯನ್ನೋ. ಪಡೆದ ಶಿಷ್ಯನಿಗೂ ಬರೆಯಬೇಕೆನಿಸದೆ ಇರುತ್ತದೆಯೆ? ಅದೇ ಶಾಂತಿನಿಕೇತನದ ರವೀಂದ್ರನಾಥ ಠಾಕೂರರು ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋಗಿ ಹಕ್ಕಿ, ಮೃಗ, ಮುಖಗಳನ್ನು ಹೊರಡಿಸಿದರು. ಆ ಗೀಚಾಟದಿಂದ ಹುಟ್ಟಿದ ಕಲೆ 1930ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋಯಿತು. ಆಗ ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು.

ಅದೇ ಪ್ಯಾರಿಸ್ಸಿನಲ್ಲಿ 1925ರ ಸುಮಾರಿಗೆ ಕೆಲವು ಕವಿಗಳು, ಕಲಾವಿದರು ಸೇರಿ ಒಂದು ಆಟ ಹೂಡಿದ್ದರು. ಒಬ್ಬರು ತಲೆ ಬರೆದು ಹಾಳೆ ಮಡಿಸಬೇಕು, ಮುಂದಿನವರು ಅದನ್ನು ನೋಡದೆ ಮೈ ಬರೆಯಬೇಕು, ಮತ್ತೊಬ್ಬರು ಕಾಲು. ಬಿಚ್ಚಿದಾಗ ಯಾರೊಬ್ಬರೂ ಒಂಟಿಯಾಗಿ ಊಹಿಸಲಾರದ ಪ್ರಾಣಿ ಎದುರಾಗುತ್ತಿತ್ತು. ಹತ್ತಿರದ ಉದಾಹರಣೆ ಬೇಕೆಂದರೆ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು (1911-1996). ಅವರ ರೇಖಾಚಿತ್ರಗಳು ಬಣ್ಣದ ಚಿತ್ರಗಳಷ್ಟೇ ಹೆಸರಾದವು. ಗೆರೆಗೆ ಲಯ ಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತರು. ಕೈ ಸಡಿಲವಾಗುವುದು ಹಗುರವಾದ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ನಮ್ಮ ಊರಿಗೆ ಮರಳೋಣ. ಇಲ್ಲಿಯ ಹುಡುಗ ಹುಡುಗಿಯರು ಚಿತ್ರಕಲೆ ಓದಲು ಕಲಬುರಗಿಗೆ ಹೋಗುತ್ತಾರೆ. ಅಲ್ಲಿ ಜೊತೆಗಾರರಿರುತ್ತಾರೆ, ಒಬ್ಬ ಬರೆದರೆ ನಾಲ್ವರು ಬಗ್ಗಿ ನೋಡುತ್ತಾರೆ. ಓದು ಮುಗಿಸಿ ಊರಿಗೆ ಬಂದ ಮೇಲೆ ಶಾಲೆಯ ಕೆಲಸವೋ, ಬೋರ್ಡು ಬರೆಯುವ ಕೆಲಸವೋ, ಹೊಲಮನೆಯೋ ಕೈಹಿಡಿಯುತ್ತದೆ. ಬಣ್ಣದ ಡಬ್ಬಿ ಮೂಲೆ ಸೇರುತ್ತದೆ. ಹೊತ್ತಿಲ್ಲ, ದುಡ್ಡಿಲ್ಲ ಎಂದು ಕಾರಣ ಹೇಳುತ್ತೇವೆ. ಅವು ಸುಳ್ಳಲ್ಲ. ಆದರೆ ಅವುಗಳಿಗಿಂತ ದೊಡ್ಡ ಕಾರಣ, ಬರೆದದ್ದನ್ನು ನೋಡುವವರು ಇಲ್ಲದಿರುವುದು. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ (1916-1993) ಹೆಸರು ನಾಡಿನಾಚೆಗೂ ಹಬ್ಬಿದ್ದು ಮುಂಬೈಯ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಂದ. ಎಲ್ಲರೂ ಮುಂಬೈಗೆ ಹೋಗಲಾರರು. ಉಳಿದವರ ಕೈ ಒಣಗಬೇಕೆಂದೇನೂ ಇಲ್ಲ.

ಕಲ್ಯಾಣದ ಹೆಸರು ಎತ್ತಿದ ಮೇಲೆ ಶರಣರನ್ನು ಬಿಡುವಂತಿಲ್ಲ. ಸೋಮೇಶ್ವರನ ನಂತರದ ಕೆಲವೇ ದಶಕಗಳಲ್ಲಿ ಅದೇ ಊರಿನಲ್ಲಿ ಚಮ್ಮಾರರು, ಅಂಬಿಗರು, ಹೆಣ್ಣುಮಕ್ಕಳು ತಮ್ಮ ಮಾತನ್ನು ಒಬ್ಬರ ಮುಂದೊಬ್ಬರು ಇಟ್ಟರು. ಕೇಳುವವರಿದ್ದುದರಿಂದ ಹೇಳುವವರು ಹುಟ್ಟಿದರು. ಚಿತ್ರಕ್ಕೂ ಅದೇ ನಿಯಮ. ನೋಡುವ ನಾಲ್ಕು ಕಣ್ಣಿದ್ದರೆ ಬರೆಯುವ ಕೈಗೆ ನಾಳೆ ಕೆಲಸವಿರುತ್ತದೆ.

ಈಗ ಮೊಬೈಲ್ ಇದೆ, ಬರೆದ ಕ್ಷಣದಲ್ಲಿ ನೂರು ಜನಕ್ಕೆ ಕಳುಹಿಸಬಹುದು ಎನ್ನುತ್ತೀರಿ. ನಿಜ, ಒಳ್ಳೆಯದೇ. ಆದರೆ ನೂರು ಹೆಬ್ಬೆರಳ ಗುರುತು ಬಂದರೂ ಅವರಲ್ಲಿ ಒಬ್ಬರಾದರೂ ತಿರುಗಿ ಚಿತ್ರ ಕಳುಹಿಸದಿದ್ದರೆ ಅದು ಹಂಚಿಕೆಯಲ್ಲ, ಪ್ರದರ್ಶನ. ಪ್ರದರ್ಶನವಾದ ಕೂಡಲೇ ಕೈ ಮತ್ತೆ ಬಿಗಿಯುತ್ತದೆ. ಚೆನ್ನಾಗಿ ಬಂದದ್ದನ್ನೇ ಆರಿಸಿ ಕಳುಹಿಸುತ್ತೇವೆ, ಕೆಟ್ಟದ್ದನ್ನು ಅಡಗಿಸುತ್ತೇವೆ. ಅವಿದ್ಧ ಚಿತ್ರದ ಪ್ರಾಣ ಅಲ್ಲಿಗೆ ಹೋಯಿತು.

ಆದ್ದರಿಂದ ನನ್ನದೊಂದು ಸೂಚನೆ. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ದಿನವಿಡೀ ಬಸ್ಸುಗಳು ಓಡಾಡುತ್ತವೆ; ಓದಲು, ಕಲಿಸಲು ಅತ್ತಿಂದಿತ್ತ ತಿರುಗುವವರು ನಿಮ್ಮಲ್ಲಿಯೇ ಇದ್ದಾರೆ. ಎರಡು ದಪ್ಪ ನೋಟುಬುಕ್ಕು ತನ್ನಿ. ಒಂದು ಅಲ್ಲಿಂದ ಹೊರಡಲಿ, ಒಂದು ಇಲ್ಲಿಂದ. ಕೈಗೆ ಬಂದವರು ಹತ್ತು ನಿಮಿಷದಲ್ಲಿ ಒಂದು ಚಿತ್ರ ಬರೆದು, ತಾರೀಖು ಹಾಕಿ, ಮುಂದಿನವರಿಗೆ ದಾಟಿಸಬೇಕು. ಕಟ್ಟಳೆ ಮೂರೇ: ಹಾಳೆ ಹರಿಯಬಾರದು, ಅಂಕ ಕೊಡಬಾರದು, ಕೇಳದೆ ಇನ್ನೊಬ್ಬರ ಗೆರೆ ತಿದ್ದಬಾರದು. ನಗಲು ಅಡ್ಡಿಯಿಲ್ಲ. ಶಿಕ್ಷಕರೂ ಬರೆಯಬೇಕು, ಅವರ ಸೊಟ್ಟ ಗೆರೆಯನ್ನು ಒಮ್ಮೆ ಕಂಡರೆ ಮಕ್ಕಳ ಅರ್ಧ ಅಂಜಿಕೆ ಹೋಗುತ್ತದೆ.

ವರ್ಷ ಕಳೆದ ಮೇಲೆ ಆ ನೋಟುಬುಕ್ಕುಗಳಲ್ಲಿ ಮಹಾನ್ ಚಿತ್ರಗಳು ಇರಲಿಕ್ಕಿಲ್ಲ. ಆದರೆ ವರ್ಷವಿಡೀ ನಿಲ್ಲದೆ ಬರೆದ ಹತ್ತಾರು ಕೈಗಳಿರುತ್ತವೆ. ವಿದ್ಧ ಚಿತ್ರ ಬರೆಯುವ ದಿನ ಬಂದಾಗ ಕೆಲಸಕ್ಕೆ ಒದಗುವುದು ಆ ಕೈಗಳೇ.