ಎರಡು ಬಂಡಿಗಳಿಂದ ಒಂದು

ಹಳೆಯ ಮೋಟಾರು ಬಂಡಿಯೊಂದನ್ನು ಕೊಂಡುತಂದು, ಮನೆಯ ಪಕ್ಕದ ಕೊಟ್ಟಿಗೆಯಲ್ಲಿಟ್ಟುಕೊಂಡು, ಬಿಡುವಿನ ವೇಳೆಯಲ್ಲಿ ತಾವೇ ಬಿಚ್ಚಿ ತಾವೇ ಕಟ್ಟಿ ಮತ್ತೆ ರಸ್ತೆಗಿಳಿಸುವುದು ಇಂಗ್ಲೆಂಡಿನಲ್ಲಿ ಬಹುಮಂದಿ ಗೃಹಸ್ಥರಿಗೆ ಪ್ರಿಯವಾದ ಹವ್ಯಾಸ. ಇವರಲ್ಲಿ ಅನುಭವಸ್ಥರಾದವರು ಹೊಸಬನಿಗೆ ಹೇಳುವ ಬುದ್ಧಿವಾದ ಒಂದುಂಟು: ಒಂದನ್ನು ಉದ್ಧಾರಮಾಡಬೇಕೆಂದಿದ್ದರೆ ಎರಡನ್ನು ಕೊಳ್ಳು. ಒಂದರಲ್ಲಿ ಕೆಟ್ಟಿರುವುದು ಇನ್ನೊಂದರಲ್ಲಿ ಸರಿಯಾಗಿರುತ್ತದೆ. ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಹಾಕಿದರೆ ಒಂದು ಪೂರ್ಣವಾದ ಬಂಡಿ ಆಗುತ್ತದೆ. ಕೇಳುವುದಕ್ಕೆ ಇದು ಸುಲಭವಾದ ಲೆಕ್ಕ. ಆದರೆ ಈ ಕೂಡುವಿಕೆಯಲ್ಲಿ ಒಂದು ಬಂಡಿ ಬದುಕುತ್ತದೆ, ಒಂದು ಸಾಯುತ್ತದೆ. ಯಾವುದು ಬದುಕಬೇಕು, ಯಾವುದು ಸಾಯಬೇಕು ಎಂಬುದನ್ನು ಮೊದಲನೆಯ ನಟ್ಟನ್ನು ಸಡಿಲಿಸುವುದಕ್ಕೆ ಮುಂಚೆಯೇ ತೀರ್ಮಾನಿಸತಕ್ಕದ್ದು. ಅನಂತರ ಹಿಂದಿರುಗುವ ದಾರಿಯಿಲ್ಲ. ಈ ತೀರ್ಮಾನವನ್ನು ಕುರಿತು ನಾವು ಇಂದು ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ.

ಮಾತು ಬರಿಯ ಮಾತಾಗದಿರಲೆಂದು ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಳ್ಳೋಣ. ಆಸ್ಟಿನ್-ಹೀಲಿ ಸ್ಪ್ರೈಟ್ ಎಂಬುದು ಒಂದು, ಎಂ. ಜಿ. ಮಿಡ್ಜೆಟ್ ಎಂಬುದು ಇನ್ನೊಂದು. ಎರಡೂ ಮೇಲ್ಛಾವಣಿಯಿಲ್ಲದ, ಇಬ್ಬರೇ ಕುಳಿತುಕೊಳ್ಳುವ, ವೇಗದ ವಿನೋದಕ್ಕಾಗಿಯೇ ಮಾಡಿದ ಪುಟ್ಟ ಬಂಡಿಗಳು. ಒಂದು ಕಾಲಕ್ಕೆ ಪ್ರತಿಸ್ಪರ್ಧಿಗಳಾಗಿದ್ದ ಆಸ್ಟಿನ್ ಮನೆಯೂ ಮಾರಿಸ್ ಮನೆಯೂ ೧೯೫೨ರಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎಂಬ ಹೆಸರಿನಲ್ಲಿ ಒಂದಾದವು. ಆ ಮನೆಗಾಗಿ ಡೊನಾಲ್ಡ್ ಹೀಲಿಯವರ ಸಂಸ್ಥೆ ರೂಪಿಸಿದ ಸ್ಪ್ರೈಟ್ ೧೯೫೮ರ ಮೇ ತಿಂಗಳಲ್ಲಿ ಹೊರಬಂತು. ಅದನ್ನು ಕಟ್ಟಿದುದು ಆಬಿಂಗ್ಡನ್ ಊರಿನ ಎಂ. ಜಿ. ಕಾರ್ಖಾನೆಯಲ್ಲಿ. ದೀಪಗಳು ಮುಂಗವಚದ ಮೇಲೆ ಎರಡು ಗುಡ್ಡೆಗಳಂತೆ ಎದ್ದು ನಿಂತಿದ್ದುದರಿಂದ ಜನರು ಅದಕ್ಕೆ ಕಪ್ಪೆಗಣ್ಣೆಂದು ಅಡ್ಡಹೆಸರಿಟ್ಟರು. ಬೇಡವಾದಾಗ ಮಡಿಸಿಡಬಹುದಾದ ದೀಪಗಳನ್ನು ಮೊದಲು ಯೋಚಿಸಿದ್ದರಂತೆ. ಖರ್ಚು ಹೆಚ್ಚಾಗುವುದೆಂದು ಕೈಬಿಟ್ಟರು. ಖರ್ಚಿನ ಈ ಭಯ ಬಂಡಿಯ ಮೈತುಂಬ ಕಾಣುತ್ತದೆ. ಎಂಜಿನು ಆಸ್ಟಿನ್ನರ ಸಣ್ಣ ಸಂಸಾರದ ಬಂಡಿಯದು. ಮುಂಗಾಲಿಗಳ ಸ್ಪ್ರಿಂಗಿನ ಏರ್ಪಾಡು ಎ೩೫ ಎಂಬುದರದು. ಚುಕ್ಕಾಣಿಯ ಹಲ್ಲುಪಟ್ಟಿ ಮಾರಿಸ್ ಮೈನರಿನದು. ಹುಟ್ಟುವಾಗಲೇ ಎರವಲು ತಂದ ಅಂಗಗಳಿಂದ ಹುಟ್ಟಿದ ಬಂಡಿ ಇದು. ೧೯೬೧ರಲ್ಲಿ ಇದರ ರೂಪವನ್ನು ಬದಲಾಯಿಸಿ, ಅದೇ ಒಡಲಿಗೆ ಬೇರೆ ಮೂಗನ್ನೂ ಬೇರೆ ಬಿಲ್ಲೆಯನ್ನೂ ಹಾಕಿ, ಸ್ವಲ್ಪ ಹೆಚ್ಚಿನ ಬೆಲೆಗೆ ಮಿಡ್ಜೆಟ್ ಎಂದು ಮಾರತೊಡಗಿದರು. ಸ್ಪ್ರೈಟಿನ ಮೂಗಿನಲ್ಲಿ ಜಾಲರಿ, ಮಿಡ್ಜೆಟ್ಟಿನ ಮೂಗಿನಲ್ಲಿ ಉದ್ದನೆಯ ಕಂಬಿಗಳು. ಭೇದ ಹೆಚ್ಚುಕಡಮೆ ಇಷ್ಟೆ.

ಹೀಗಿರುವುದರಿಂದ ಅದಲುಬದಲಿಗೆ ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲವೆಂದು ಹೊಸಬನು ಹಿಗ್ಗುತ್ತಾನೆ. ಆದರೆ ಇಲ್ಲಿ ಭೇದವಿರುವುದು ಹೆಸರಿನಲ್ಲಲ್ಲ, ವರ್ಷದಲ್ಲಿ. ಒಂದೇ ವರ್ಷದ ಸ್ಪ್ರೈಟೂ ಮಿಡ್ಜೆಟ್ಟೂ ಅವಳಿಗಳು. ಎರಡು ಬೇರೆ ವರ್ಷಗಳ ಮಿಡ್ಜೆಟ್ಟುಗಳು ದೂರದ ನೆಂಟರು. ಇದರ ಮೇಲೆ ಕ್ರಮಸಂಖ್ಯೆಯ ಗೊಂದಲ ಬೇರೆ. ಸ್ಪ್ರೈಟು ಮೂರು ವರ್ಷ ಮೊದಲೇ ಹುಟ್ಟಿದುದರಿಂದ, ಎರಡನೆಯ ಸ್ಪ್ರೈಟಿಗೆ ಜೋಡಿ ಮೊದಲನೆಯ ಮಿಡ್ಜೆಟ್ಟು, ಮೂರನೆಯದಕ್ಕೆ ಎರಡನೆಯದು, ನಾಲ್ಕನೆಯದಕ್ಕೆ ಮೂರನೆಯದು. ಇಬ್ಬರಲ್ಲಿಯೂ ‘ಮೂರು’ ಎಂದಿದೆಯೆಂದು ನಂಬಿ ಭಾಗಗಳನ್ನು ತರಿಸಿದವನ ಹಣ ಹಾಳು.

ಎರಡು ಸೇರಿ ಒಂದಾದಾಗ ಆ ಒಂದು ಯಾವುದು ಎಂಬ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಬೇತಾಳನು ವಿಕ್ರಮನಿಗೆ ಹೇಳಿದ ಕಥೆಯಲ್ಲಿ ಗಂಡನೂ ಸೋದರನೂ ದೇವಿಯ ಗುಡಿಯಲ್ಲಿ ತಲೆಗಳನ್ನು ಕಡಿದುಕೊಳ್ಳುತ್ತಾರೆ. ದೇವಿ ವರವಿತ್ತಾಗ ಹೆಂಗಸು ಗಡಿಬಿಡಿಯಲ್ಲಿ ಇವನ ತಲೆಯನ್ನು ಅವನಿಗೆ, ಅವನ ತಲೆಯನ್ನು ಇವನಿಗೆ ಇಟ್ಟುಬಿಡುತ್ತಾಳೆ. ಇವರಲ್ಲಿ ಗಂಡನು ಯಾರು? ಅಂಗಗಳಲ್ಲೆಲ್ಲ ತಲೆಯೇ ಶ್ರೇಷ್ಠ, ಗಂಡನ ತಲೆಯುಳ್ಳವನೇ ಗಂಡ ಎಂದು ಅರಸನ ತೀರ್ಪು. ಗಿರೀಶ ಕಾರ್ನಾಡರ ೧೯೭೧ರ ‘ಹಯವದನ’ ನಾಟಕಕ್ಕೆ ಬೀಜವೂ ಈ ತಲೆಗಳ ಅದಲುಬದಲೇ. ಮೋಟಾರು ಬಂಡಿಗೆ ತಲೆ ಯಾವುದೆಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ಎಂಜಿನೆಂದಾರು. ಬ್ರಿಟನ್ನಿನ ದಾಖಲೆಯ ಕಛೇರಿ ಹಾಗೆ ಹೇಳಲಿಲ್ಲ. ಬಹಳವಾಗಿ ಮಾರ್ಪಟ್ಟ ಬಂಡಿ ತನ್ನ ಹಳೆಯ ನೋಂದಣಿಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದೇ ಎಂದು ಗೊತ್ತುಮಾಡಲು ಅವರು ಬಹುಕಾಲ ಒಂದು ಅಂಕಗಳ ಲೆಕ್ಕವನ್ನಿಟ್ಟುಕೊಂಡಿದ್ದರು. ಒಡಲು ಮೂಲದ್ದಾಗಿದ್ದರೆ ೫ ಅಂಕ. ಸ್ಪ್ರಿಂಗುಗಳ ಏರ್ಪಾಡಿಗೆ ೨, ಅಚ್ಚುಗಳಿಗೆ ೨, ಗೇರು ಮುಂತಾದ ಚಾಲನಾಂಗಕ್ಕೆ ೨, ಚುಕ್ಕಾಣಿಗೆ ೨. ಎಂಜಿನಿಗೆ ಬರಿಯ ೧. ಎಂಟು ಅಂಕವಾದರೂ ಬರಬೇಕು, ಅದರಲ್ಲಿ ಒಡಲಿನ ಐದು ಸೇರಿರಬೇಕು. ವಿಕ್ರಮನ ತೀರ್ಪಿಗೆ ಇದು ನೇರವಾಗಿ ವಿರುದ್ಧ. ಆದರೂ ಈ ಸಂದರ್ಭದಲ್ಲಿ ನಾವು ಕಛೇರಿಯ ಪಕ್ಷ.

ಪಕ್ಷ ಹಿಡಿಯುವುದಕ್ಕೆ ಕಾರಣವನ್ನು ಹೇಳಬೇಕು. ಈ ಬಂಡಿಗಳಿಗೆ ಲಾರಿಗಿರುವಂತೆ ಬೇರೆಯಾದ ಚೌಕಟ್ಟಿಲ್ಲ. ಉಕ್ಕಿನ ತಗಡನ್ನೇ ಮಡಿಸಿ, ಒತ್ತಿ, ಬೆಸೆದು ಮಾಡಿದ ಒಡಲೇ ಚೌಕಟ್ಟು. ಮೇಲ್ಛಾವಣಿಯೂ ಇಲ್ಲದಿರುವುದರಿಂದ, ಮುಂದಣ ಅರ್ಧವನ್ನೂ ಹಿಂದಣ ಅರ್ಧವನ್ನೂ ಒಂದಾಗಿ ಹಿಡಿದಿರುವ ಭಾರವೆಲ್ಲ ನಡುವಣ ಸುರಂಗದ ಮೇಲೆಯೂ, ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗಿರುವ ಎರಡು ಪೊಳ್ಳು ತೊಲೆಗಳ ಮೇಲೆಯೂ ಬೀಳುತ್ತದೆ. ಈ ತೊಲೆಗಳನ್ನು ನಾವು ಹೊಸ್ತಿಲೆಂದು ಕರೆಯೋಣ. ಮಳೆಯ ನೀರೂ, ಚಳಿಗಾಲದಲ್ಲಿ ಆ ದೇಶದ ರಸ್ತೆಗಳ ಮೇಲೆ ಚೆಲ್ಲುವ ಉಪ್ಪೂ ಸೇರುವುದು ಈ ಹೊಸ್ತಿಲುಗಳ ಹೊಟ್ಟೆಯಲ್ಲಿಯೇ. ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಬಾಗಿಲಿನ ಕೀಲು ಕೂಡುವ ಕಂಬ, ಕಾಲಿಡುವ ನೆಲ, ಹಿಂದಣ ಸ್ಪ್ರಿಂಗ್ ಪಟ್ಟೆಗಳನ್ನು ನೆಲಕ್ಕೆ ಕಚ್ಚಿಸಿರುವ ಸ್ಥಳ, ಇವುಗಳದೂ ಇದೇ ಗತಿ.

ಆದಕಾರಣ ಎರಡು ಬಂಡಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿಕೊಂಡವನು ಮೊದಲು ನೆಲದ ಮೇಲೆ ಮಲಗಿ ಅಡಿಯನ್ನು ನೋಡಬೇಕು. ಮುಂಗವಚವನ್ನೆತ್ತಿ ನೋಡುವುದು ಆಮೇಲಾಗಲಿ. ತಿರುಪುಳಿಯ ಹಿಡಿಯಿಂದ ಹೊಸ್ತಿಲನ್ನು ತಟ್ಟುತ್ತ ಹೋದರೆ ಗಟ್ಟಿ ತಗಡು ಖಣಖಣನೆ ನುಡಿಯುತ್ತದೆ. ತುಕ್ಕು ತಿಂದುದು ಒಡೆದ ಮಡಕೆಯಂತೆ ಮೊದ್ದಾಗಿ ಸದ್ದುಮಾಡುತ್ತದೆ. ಅಲ್ಲಿಗೂ ಸಂಶಯ ಬಿಡದಿದ್ದರೆ, ಬಾಗಿಲನ್ನು ಮುಚ್ಚಿ ಅದರ ಸುತ್ತಲ ಸಂದನ್ನು ಅಳೆದುಕೊಂಡು, ಒಂದು ಪಕ್ಕವನ್ನು ಜಾಕಿಯಿಂದ ಸ್ವಲ್ಪ ಎತ್ತಿ ಮತ್ತೆ ಅಳೆಯತಕ್ಕದ್ದು. ಸಂದು ಹೆಚ್ಚುಕಡಮೆಯಾಗಿ ಬಾಗಿಲು ಕಚ್ಚಿಕೊಂಡಿತೆಂದರೆ ಆ ಬಂಡಿಗೆ ಬೆನ್ನು ಮುರಿದಿದೆ. ಎಂಜಿನು ಎಷ್ಟು ಸೊಗಸಾಗಿದ್ದರೂ, ಮೈಬಣ್ಣ ಎಷ್ಟು ಹೊಳೆದರೂ, ಕೊಡಬೇಕಾದ ಬಂಡಿ ಅದು. ಅಡಿ ಗಟ್ಟಿಯಾಗಿರುವುದು, ಮುಖ ಕೆಟ್ಟದ್ದಾಗಿದ್ದರೂ, ತೆಗೆದುಕೊಳ್ಳಬೇಕಾದ ಬಂಡಿ. ಕಷ್ಟವೇನೆಂದರೆ ಸಾಮಾನ್ಯವಾಗಿ ಯಜಮಾನನ ಮನಸ್ಸು ನೆಟ್ಟಿರುವುದು ಹೊಳೆಯುವುದರ ಮೇಲೆ.

ಬದುಕಿಸಬೇಕಾದ ಬಂಡಿಯಲ್ಲಿಯೂ ಒಂದು ಹೊಸ್ತಿಲಾದರೂ ಸವೆದಿರುವುದುಂಟು. ಅದನ್ನು ಕೊಯ್ದು ಹೊಸದನ್ನು ಬೆಸೆಯುವಾಗ ಅವಸರವೇ ಶತ್ರು. ಒಡಲನ್ನು ಸಮನಾಗಿ ನಿಲ್ಲಿಸಿ, ಬಾಗಿಲ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯೊಂದನ್ನು ಬೆಸೆದು ಬಿಗಿಮಾಡಿ, ಒಂದು ಪಕ್ಕವನ್ನು ಪೂರೈಸಿದ ಮೇಲೆಯೇ ಇನ್ನೊಂದು ಪಕ್ಕವನ್ನು ಮುಟ್ಟಬೇಕು. ಎರಡನ್ನೂ ಒಟ್ಟಿಗೆ ಕೊಯ್ದರೆ ಒಡಲು ನಡುವಿನಲ್ಲಿ ಬಾಗುತ್ತದೆ; ಬಾಗಿದ್ದಂತೆಯೇ ಬೆಸೆದುಬಿಟ್ಟರೆ ಆ ಬಾಗು ಶಾಶ್ವತ. ಇನ್ನೊಂದು ಬಂಡಿಯಿಂದ ಬಾಗಿಲು, ಮುಚ್ಚಳ, ಗಾಜಿನ ಚೌಕಟ್ಟು, ಇಂಥವನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಹೊಸ್ತಿಲನ್ನು ಮಾತ್ರ ತೆಗೆದುಕೊಳ್ಳಬಾರದು. ಅಷ್ಟೇ ವಯಸ್ಸಾದ ತಗಡಿನ ಆಯುಸ್ಸೂ ಅಷ್ಟೇ. ಆಬಿಂಗ್ಡನ್ನಿನ ಕಾರ್ಖಾನೆ ೧೯೮೦ರಲ್ಲಿಯೇ ಮುಚ್ಚಿತಾದರೂ ತಗಡಿನ ಭಾಗಗಳನ್ನು ಹೊಸದಾಗಿ ಒತ್ತಿ ಮಾಡುವವರು ಇದ್ದಾರೆ.

ಇನ್ನು ಎಂಜಿನಿನ ವಿಚಾರ. ೧೯೫೧ರಲ್ಲಿ ಎ೩೦ ಎಂಬ ಪುಟ್ಟ ಬಂಡಿಗೆಂದು ಆಸ್ಟಿನ್ನರು ಮಾಡಿದ ಎಂಜಿನಿನ ವಂಶವೇ ಇಲ್ಲಿಯದು. ಕಪ್ಪೆಗಣ್ಣಿನಲ್ಲಿ ಅದು ೯೪೮ ಘನ ಸೆಂಟಿಮೀಟರು, ೪೩ ಕುದುರೆಯ ಬಲ. ೧೯೬೨ರಲ್ಲಿ ೧೦೯೮ ಆಯಿತು. ೧೯೬೬ರಲ್ಲಿ ೧೨೭೫ ಆಗಿ ೬೫ ಕುದುರೆಯ ಬಲಕ್ಕೇರಿತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಅಚ್ಚು. ಚಿಕ್ಕದನ್ನು ತೆಗೆದು ದೊಡ್ಡದನ್ನು ಇಡೋಣವೆಂಬ ಆಸೆ ಹುಟ್ಟದವನು ವಿರಳ. ಇಡಬಹುದು, ಅಡ್ಡಿಯಿಲ್ಲ. ಆದರೆ ಹಿಂದಣ ತಟ್ಟೆ, ಗಾಲಿಚಕ್ರ, ಕ್ಲಚ್ಚು ಇವು ಎಂಜಿನಿನೊಡನೆ ಜೊತೆಯಾಗಿ ಬರತಕ್ಕವು. ಇದರದು ಅದಕ್ಕೆ ಕೂಡದು. ನುಣುಪು ಕವಚದ ಹಳೆಯ ಗೇರುಪೆಟ್ಟಿಗೆ ಹೆಚ್ಚಿನ ಬಲವನ್ನು ಬಹುದಿನ ತಾಳಲಾರದು. ೧೦೯೮ರೊಡನೆ ಬಂದ ಏಣುಗಳುಳ್ಳ ಕವಚದ ಪೆಟ್ಟಿಗೆ ಬೇಕು. ಕಪ್ಪೆಗಣ್ಣಿಗೆ ಮುಂದಣ ಗಾಲಿಗಳಲ್ಲಿಯೂ ಡೋಲು ಬ್ರೇಕೇ. ತಟ್ಟೆ ಬ್ರೇಕು ಬಂದುದು ೧೯೬೨ರಲ್ಲಿ. ನಲವತ್ತಮೂರು ಕುದುರೆಗಳಿಗೆ ಹಾಕಿದ ಕಡಿವಾಣವನ್ನು ಅರವತ್ತೈದಕ್ಕೆ ನಂಬಿ ಕೆಳಗಿನ ತಿರುವಿನಲ್ಲಿ ಬಂಡಿಯನ್ನಿಳಿಸುವವನ ಧೈರ್ಯವನ್ನು ನಾವು ಮೆಚ್ಚಲಾರೆವು. ಆದುದರಿಂದ ಎಂಜಿನು ತಂದವನು ಬ್ರೇಕನ್ನೂ ತರಬೇಕು. ಬ್ರೇಕು ತಂದವನು ಅದರ ಎಣ್ಣೆಯನ್ನೊತ್ತುವ ಮುಖ್ಯ ಉರುಳೆಯನ್ನೂ ಅದಕ್ಕೆ ತಕ್ಕ ಅಳತೆಯದನ್ನು ತರಬೇಕು. ೧೦೯೮ರಲ್ಲಿಯೂ ಎರಡು ಜಾತಿ: ‘೧೦ಸಿಜಿ’ ಎಂದು ಸಂಖ್ಯೆಯ ಮುಂದೆ ಬರೆದಿರುವುದರ ದಂಡದ ಮುಖ್ಯ ಬೇರಿಂಗುಗಳು ಒಂದೂಮುಕ್ಕಾಲು ಅಂಗುಲ, ಅಷ್ಟು ಗಟ್ಟಿಯಲ್ಲ, ‘೧೦ಸಿಸಿ’ ಎಂದಿರುವುದರವು ಎರಡು ಅಂಗುಲ. ಸಂಖ್ಯೆಯನ್ನು ಓದಿದ ಮೇಲೆ ಹಣವನ್ನು ಎಣಿಸಬೇಕು.

ಕಣ್ಣಿಗೆ ಬೀಳದ ನಂಟುಗಳೂ ಉಂಟು. ಕಪ್ಪೆಗಣ್ಣಿನಲ್ಲಿ ಎಂಜಿನು ನಿಮಿಷಕ್ಕೆಷ್ಟು ಸುತ್ತು ಸುತ್ತುತ್ತದೆಂದು ತೋರಿಸುವ ಮುಳ್ಳನ್ನು ಆಡಿಸುವುದು ಡೈನಮೋವಿನ ಬೆನ್ನಿಗೆ ಕಟ್ಟಿದ ಒಂದು ತಂತಿಹುರಿ. ವಿದ್ಯುತ್ತು ಹೆಚ್ಚಾಗಿ ಬರಲೆಂದು ಡೈನಮೋವನ್ನು ತೆಗೆದು ಹೊಸಕಾಲದ ಆಲ್ಟರ್ನೇಟರನ್ನು ಹಾಕಿದೊಡನೆ ಮುಳ್ಳು ನಿಂತುಹೋಗುತ್ತದೆ. ೧೯೬೭ರವರೆಗಿನ ಬಂಡಿಗಳಲ್ಲಿ ಬ್ಯಾಟರಿಯ ಧನ ತುದಿ ಒಡಲಿಗೆ ಸೇರಿದ್ದಿತು, ಆಮೇಲಿನವುಗಳಲ್ಲಿ ಋಣ ತುದಿ. ಇದನ್ನು ನೋಡದೆ ಸಲಕರಣೆಗಳನ್ನು ಅದಲುಬದಲು ಮಾಡಿದರೆ ಹೊಗೆ ತಾನೇ ತಿಳಿಸುತ್ತದೆ.

ಎಲ್ಲಕ್ಕಿಂತ ನಮಗೆ ರುಚಿಸಿದುದು ಹಿಂದಣ ಅಚ್ಚಿನ ಕಥೆ. ೧೯೬೪ಕ್ಕೆ ಮುಂಚಿನವುಗಳಲ್ಲಿ ಸ್ಪ್ರಿಂಗ್ ಪಟ್ಟೆಗಳು ಒಂದು ತುದಿಯಲ್ಲಿ ಮಾತ್ರ ಒಡಲನ್ನು ಕಚ್ಚಿಕೊಂಡು ಕೈಚಾಚಿದಂತೆ ಅಚ್ಚನ್ನು ಹಿಡಿದಿರುತ್ತವೆ. ಆಮೇಲಿನವುಗಳಲ್ಲಿ ಎರಡು ತುದಿಗಳೂ ಒಡಲಿಗೆ ಸೇರಿ ಅಚ್ಚು ನಡುವೆ ಕೂರುತ್ತದೆ. ತಂತಿಕಡ್ಡಿಯ ಗಾಲಿಗಳ ಬಂಡಿಗಳ ಅಚ್ಚು ತಟ್ಟೆಗಾಲಿಯವುಗಳ ಅಚ್ಚಿಗಿಂತ ಗಿಡ್ಡ. ಹೀಗಾಗಿ ಅಚ್ಚನ್ನು ಇಡಿಯಾಗಿ ಒಂದರಿಂದ ಇನ್ನೊಂದಕ್ಕೆ ತರಹೊರಟವನು ಸೋಲುತ್ತಾನೆ. ಅದೇ ಅಚ್ಚಿನ ಹೊಟ್ಟೆಯೊಳಗಿನ ಹಲ್ಲುಚಕ್ರಗಳ ಗೂಡನ್ನು ಬಿಚ್ಚಿ ತಂದರೆ ಅದು ಹಳೆಯ ಕವಚದೊಳಗೆ ತನ್ನ ಮನೆಯೆಂಬಂತೆ ಕುಳಿತುಕೊಳ್ಳುತ್ತದೆ! ಮೊದಲಿನವುಗಳ ಪ್ರಮಾಣ ೪.೨೨ಕ್ಕೆ ೧, ೧೯೬೮ರ ಕೊನೆಯಿಂದ ಬಂದುದು ೩.೯ಕ್ಕೆ ೧. ಎರಡನೆಯದನ್ನು ಹಾಕಿದರೆ ದೂರದ ಪ್ರಯಾಣದಲ್ಲಿ ಎಂಜಿನಿಗೆ ಶ್ರಮ ಕಡಮೆ, ಸದ್ದೂ ಕಡಮೆ. ಆದರೆ ವೇಗವನ್ನು ತೋರಿಸುವ ಮುಳ್ಳು ಗೇರುಪೆಟ್ಟಿಗೆಯಿಂದ ತಿರುಗುವಂಥದು. ಅದನ್ನು ಸರಿಮಾಡಿಸದಿದ್ದರೆ ೫೦ ಮೈಲಿಯೆಂದು ತೋರಿಸುವಾಗ ನಿಜವಾಗಿ ೫೪ ಮೈಲಿಯ ಮೇಲೆ ಓಡುತ್ತಿರುತ್ತೇವೆ. ಪೋಲೀಸಿನವರೊಡನೆ ಈ ಹಲ್ಲುಗಳ ಲೆಕ್ಕವನ್ನು ವಾದಿಸಿ ಪ್ರಯೋಜನವಿಲ್ಲ.

ಕೆಲಸದ ಕ್ರಮವನ್ನು ಕುರಿತು ಒಂದು ಮಾತು. ಕೊಡುವ ಬಂಡಿಯನ್ನು ಮೊದಲೇ ಬಿಚ್ಚಿಹಾಕುವುದು ಬಹಳ ಮಂದಿಯ ಅಭ್ಯಾಸ. ಸ್ಥಳ ಸಾಲದು, ಮನೆಯಲ್ಲಿ ಬೈಗಳು ಬೇರೆ. ನಮ್ಮ ಅಭಿಪ್ರಾಯದಲ್ಲಿ ಅದನ್ನು ಕೊನೆಯವರೆಗೂ ನಿಲ್ಲಿಸಿಕೊಂಡಿರಬೇಕು. ಈ ಕೊಳವೆ ಯಾವ ಮೂಲೆಯನ್ನು ಸುತ್ತಿ ಹೋಗಿತ್ತು, ಈ ಕಂದು ತಂತಿ ಎಲ್ಲಿಗೆ ಸೇರಿತ್ತು ಎಂಬುದನ್ನು ಯಾವ ಪುಸ್ತಕವೂ ಅದರಷ್ಟು ಚೆನ್ನಾಗಿ ಹೇಳಲಾರದು. ಬಿಚ್ಚಿದ ಬೋಲ್ಟುಗಳನ್ನು ಸೀಸೆಗಳಲ್ಲಿ ತುಂಬಿ ಚೀಟಿ ಅಂಟಿಸತಕ್ಕದ್ದು. ಇಂಗ್ಲಿಷ್ ಗೃಹಿಣಿಯರ ಜಾಮಿನ ಸೀಸೆಗಳು ಕಾಣೆಯಾಗುವುದು ಈ ಕೊಟ್ಟಿಗೆಗಳಲ್ಲಿಯೇ.

ಬಿಲ್ಲೆಯನ್ನು ಬದಲಾಯಿಸುವ ವಿಷಯದಲ್ಲಿ ಮಾತ್ರ ನಾವು ಕಠಿನರು. ಜಾಲರಿಯ ಮೂಗನ್ನು ತೆಗೆದು ಕಂಬಿಯ ಮೂಗನ್ನು ಹಾಕಿದರೆ ಅರ್ಧ ಗಂಟೆಯಲ್ಲಿ ಸ್ಪ್ರೈಟು ಮಿಡ್ಜೆಟ್ಟಾಗುತ್ತದೆ. ತನ್ನ ಸಂತೋಷಕ್ಕಾಗಿ ಹೀಗೆ ಮಾಡಿಕೊಳ್ಳುವವನನ್ನು ತಡೆಯುವವರು ಯಾರೂ ಇಲ್ಲ. ಆದರೆ ಒಂದು ಬಂಡಿಯ ಸಂಖ್ಯಾಪಟ್ಟಿಕೆಯನ್ನು ಕಿತ್ತು ಇನ್ನೊಂದರ ಒಡಲಿಗೆ ಹೊಡೆದು, ಬೆಲೆಬಾಳುವ ಹೆಸರಿನಲ್ಲಿ ಮಾರುವುದು ವಂಚನೆ. ಕೊಳ್ಳುವವನು ಕೊಡುವುದು ಹೆಸರಿನ ಹಣ. ಪಡೆಯುವುದು ಬೇರೆಯ ಒಡಲು.

ಬದುಕಬೇಕಾದ ಬಂಡಿ ತನ್ನ ಕಾಲ ಮೇಲೆ ನಿಂತು, ಎಂಜಿನು ನುಡಿದು, ಬ್ರೇಕು ಹಿಡಿದ ಮೇಲೆ ಇನ್ನೊಂದರ ಸರದಿ. ಅದರ ಬಾಗಿಲುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಬಹುದು. ಸ್ಟಾರ್ಟರು, ದೀಪ, ಗಾಲಿಗಳು ಮುಂದಕ್ಕಾದಾವು. ಗಟ್ಟಿಯಾಗಿರುವ ತಗಡಿನ ತುಂಡುಗಳನ್ನು ತೇಪೆಗೆಂದು ಕೊಯ್ದಿಟ್ಟುಕೊಳ್ಳುವುದೂ ಉಂಟು. ಉಳಿದ ಬರಿಯ ಒಡಲನ್ನು ನಾಲ್ಕು ಜನ ಹಿಡಿದು ಗಾಡಿಗೆ ಹೇರಿ, ಇಂಥ ಕೆಲಸಕ್ಕೆ ಅಪ್ಪಣೆ ಪಡೆದ ಹಳೆಯ ಕಬ್ಬಿಣದವನಲ್ಲಿಗೆ ಕಳುಹಿಸಿ, ಅವನು ಕೊಟ್ಟ ಚೀಟಿಯನ್ನು ಇಟ್ಟುಕೊಂಡು, ಇಂಥ ಬಂಡಿ ಇನ್ನಿಲ್ಲವೆಂದು ದಾಖಲೆಯ ಕಛೇರಿಗೆ ಬರೆಯತಕ್ಕದ್ದು. ಅದರ ಸಂಖ್ಯಾಪಟ್ಟಿಕೆ ಅದರ ಒಡಲಿನ ಮೇಲೆಯೇ ಹೋಗಲಿ.